ಕೊಳ್ಳುವ ತೊಗಲು

೫ ಜನವರಿ ೨೦೨೫, ಭಾನುವಾರ

ತಂಗಿ ರಮ್ಯಾಳ ಬೆಲ್ಟನ್ನು ನಾನೇ ಮಾಡಿಕೊಡುತ್ತೇನೆ ಎಂದು ಇವತ್ತು ಹೇಳಿಬಿಟ್ಟೆ. ಹೇಳಿದ ಮೇಲೆ ಮಾಡಲೇಬೇಕು.

ಹೋದ ತಿಂಗಳು ಹುಣಸೂರಿನ ಜಿಮ್ಮಿನಲ್ಲಿ ನೆಲದಿಂದ ಭಾರ ಎತ್ತುವಾಗ ಅವಳ ಸೊಂಟ ಹಿಡಿದುಕೊಂಡಿತು. ಎರಡು ದಿನ ಮಗ್ಗುಲು ಬದಲಿಸಲೂ ನಾನು ಆಸರೆ ಕೊಡಬೇಕಾಯಿತು. ಅವಳು ಕಟ್ಟುತ್ತಿದ್ದದ್ದು ಸ್ಪಂಜು ತುಂಬಿದ ಬಟ್ಟೆಯ ಬೆಲ್ಟು. ಕೋಚ್ ಲಿಂಗರಾಜು ಅದನ್ನು ಮಡಚಿ ತಮ್ಮ ಜೇಬಿಗೆ ತುರುಕಿ ತೋರಿಸಿದರಂತೆ. "ಜೇಬಲ್ಲಿ ಹಿಡಿಸೋ ಬೆಲ್ಟು ಸೊಂಟ ಕಾಯಲ್ಲ ಕಣಮ್ಮ. ಒಂದು ಸೆಂಟಿಮೀಟರ್ ದಪ್ಪದ ಲೆದರ್ ಬೆಲ್ಟ್ ತಗೊಂಡು ಬಾ. ಇಲ್ದಿದ್ರೆ ಒಂಬತ್ತಕ್ಕೆ ನಿನ್ನ ಹೆಸ್ರು ಕಳ್ಸಲ್ಲ." ಫೆಬ್ರವರಿ ಒಂಬತ್ತಕ್ಕೆ ಮೈಸೂರಿನಲ್ಲಿ ಜಿಲ್ಲಾ ಮಟ್ಟದ ಭಾರ ಎತ್ತುವ ಸ್ಪರ್ಧೆ. ಅಲ್ಲಿಂದ ರಾಜ್ಯಮಟ್ಟ, ಅಲ್ಲಿಂದ ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸ ಎಂದು ರಮ್ಯಾ ಒಂದೇ ಉಸಿರಿಗೆ ಹೇಳುತ್ತಾಳೆ. ಆನ್‌ಲೈನಿನಲ್ಲಿ ಆ ಬೆಲ್ಟಿನ ಬೆಲೆ ನೋಡಿ ಫೋನನ್ನು ಮಗುಚಿಟ್ಟು ಮುದ್ದೆ ಮುರಿದಳು.

ನಾನು ಕೆಲಸಕ್ಕೆ ಹೋಗುತ್ತಿದ್ದ ಗಾರ್ಮೆಂಟ್ಸ್ ಮುಚ್ಚಿದಾಗಿನಿಂದ ಕೈಚೀಲ, ಪರ್ಸು ಹೊಲಿಯುತ್ತಿದ್ದೇನೆ. ನನ್ನ ಹತ್ತಿರ ಇರುವುದು ತೆಳು ಲೆದರ್. ದಪ್ಪದ್ದು, ನಮ್ಮ ಕೈಗೆಟುಕುವ ಬೆಲೆಗೆ, ಎಲ್ಲಿಂದಾದರೂ ತರಬೇಕು.

ತಾತನಿಗೆ ತಿಳಿಯಬಾರದು. ಹೊಗೆಸೊಪ್ಪಿನ ಸೀಸನ್ ಮುಗಿದು ಖಾಲಿ ಬಿದ್ದಿರುವ, ಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಬಾಗಿಲು ಮುಚ್ಚಿಕೊಂಡು ನಾನು ಹೊಲಿಯುವುದೆಲ್ಲ ರೆಕ್ಸಿನ್ ಎಂದೇ ಅವರು ತಿಳಿದಿದ್ದಾರೆ. ನಾನೇ ಹಾಗೆ ಹೇಳಿದ್ದು. ನಾನು ಹುಟ್ಟುವ ಮೊದಲು ನಮ್ಮ ಕೇರಿಯ ಗಂಡಸರೆಲ್ಲ ಸೇರಿ, ಮೇಲಿನ ಬೀದಿಯವರ ಸತ್ತ ದನ ಇನ್ನು ಎತ್ತುವುದಿಲ್ಲ, ತೊಗಲು ಹದ ಮಾಡುವುದಿಲ್ಲ ಎಂದು ತೀರ್ಮಾನ ಮಾಡಿದರು. ಮೊದಲು ಎದ್ದು ನಿಂತು ಹೇಳಿದವರು ನಮ್ಮ ತಾತ ಜವರಯ್ಯ. ತೊಗಲು ನೆನೆಹಾಕುವ ತೊಟ್ಟಿಗಳನ್ನು ಅವರೇ ಒಡೆದು ಮಣ್ಣು ತುಂಬಿದರು. ಒಂದು ಸುಗ್ಗಿ ಪೂರ್ತಿ ಕೇರಿಯವರನ್ನು ಯಾರೂ ಕೂಲಿಗೆ ಕರೆಯಲಿಲ್ಲವಂತೆ. ತೊಟ್ಟಿ ಇದ್ದ ಜಾಗದಲ್ಲಿ ಈಗ ಅಂಗನವಾಡಿ ಇದೆ. ನಾನೂ ರಮ್ಯಾಳೂ ಅಲ್ಲೇ ಅಆಇಈ ಕಲಿತದ್ದು.

ಮನೆಯಲ್ಲಿ ಉಳಿದವರಿಗೆಲ್ಲ ಗೊತ್ತು. ಅಪ್ಪ, "ಮಾಡ್ಕೊ. ಆದ್ರೆ ಮುದುಕನ ಕಣ್ಣಿಗೆ ಬೀಳದಂಗೆ ಮಾಡ್ಕೊ" ಎಂದಿದ್ದಾನೆ.

೮ ಜನವರಿ, ಬುಧವಾರ

ಹುಣಸೂರು. ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ರಿಪೇರಿ ಮಾಡುವ ಶಶಿಯನ್ನು ಕೇಳಿದೆ.

"ದಪ್ಪ ಅಂದ್ರೆ ಎಷ್ಟು ದಪ್ಪ ಅಕ್ಕ?"

"ಒಂದು ಸೆಂಟಿಮೀಟರ್."

"ಆನೆ ಕಟ್ತೀರಾ?"

ತಂಗಿಯ ಸೊಂಟಕ್ಕೆ ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಪಾಪ, ಭಾವ" ಎಂದ. ರಮ್ಯಾಳಿಗೆ ಇನ್ನೂ ಮದುವೆಯಾಗಿಲ್ಲ ಎಂದರೂ ನಗು ನಿಲ್ಲಿಸಲಿಲ್ಲ.

ಅವನ ಹತ್ತಿರ ಇರುವ ಅಟ್ಟೆಗಳೆಲ್ಲ ರಬ್ಬರು. ಲೆದರಿನ ಅಟ್ಟೆ ಹಾಕಿಸುವವರು ಈಗ ಯಾರೂ ಇಲ್ಲವಂತೆ. ಕುಂಪಣಿ ಕಾಲದಲ್ಲಿ ಇದೇ ಹುಣಸೂರಿನಿಂದ ಪಟಾಲಮ್ಮಿಗೆ ಬೂಟು ಹೋಗುತ್ತಿದ್ದವಂತೆ. "ಈಗ ಹುಣಸೂರಿಗೇ ಬೂಟು ಬ್ಯಾರೆ ಕಡೆಯಿಂದ ಬತ್ತವೆ." ಮೈಸೂರಿನ ಒಂದು ಅಂಗಡಿಯ ನಂಬರು ಕೊಟ್ಟ. ಫೋನು ಮಾಡಿದೆ. ದಪ್ಪದ್ದು ಇದೆ, ಆದರೆ ಒಂದು ಮಗ್ಗುಲು, ಎಂದರೆ ಅರ್ಧ ತೊಗಲು, ಪೂರ್ತಿ ಕೊಳ್ಳಬೇಕು, ತುಂಡು ಮಾಡಿ ಕೊಡುವುದಿಲ್ಲ. ಬೆಲೆ ಕೇಳಿ, ಆಯ್ತು ಸಾರ್ ಎಂದು ಇಟ್ಟೆ.

ನನಗೆ ಬೇಕಾಗಿರುವುದು ಅಂಗೈ ಅಗಲ, ಒಂದು ಮಾರಿಗಿಂತ ಕಡಿಮೆ ಉದ್ದ. ಅಷ್ಟು ಇಡೀ ಜಿಲ್ಲೆಯಲ್ಲಿ ಸಿಗದೆ ಇರುತ್ತದೆಯೆ?

೧೪ ಜನವರಿ, ಮಂಗಳವಾರ. ಸಂಕ್ರಾಂತಿ

ಒಂದು ತಪ್ಪು ಮಾಡಿದೆ.

ಬೆಳಿಗ್ಗೆ ಹಾಲು ಹಾಕಲು ಡೈರಿಗೆ ಹೋಗಿದ್ದೆ. ಮೇಲಿನ ಬೀದಿಯ ಸೋಮಶೇಖರ ಗೌಡರು ಎತ್ತುಗಳ ಕೊಂಬಿಗೆ ಕಟ್ಟುವ ಟೇಪು ಹಿಡಿದುಕೊಂಡು ಅಲ್ಲೇ ನಿಂತಿದ್ದರು. "ಏನವ್ವ, ದಿನಾ ಬಸ್ಸಲ್ಲೇ ಕಾಣ್ತೀಯ. ಎಲ್ಲಿಗೆ ಸವಾರಿ?" ಎಂದರು. ಹಬ್ಬದ ದಿನ, ಎಲ್ಲರೂ ನಗುಮುಖದಲ್ಲಿದ್ದರು. ನಾನೂ ಯೋಚಿಸದೆ, "ದಪ್ಪ ಲೆದರ್ ಹುಡುಕ್ತಾ ಇದೀನಿ ಗೌಡ್ರೇ, ನಿಮಗೆಲ್ಲಾದ್ರೂ ಗೊತ್ತಾ?" ಎಂದುಬಿಟ್ಟೆ. ಹತ್ತು ಜನ ಕ್ಯಾನು ಹಿಡಿದು ಸಾಲಿನಲ್ಲಿದ್ದರು. ಯಾರೋ ಹಿಂದಿನಿಂದ, "ತಾತ ಬುಟ್ಟುದ್ದ ಮೊಮ್ಮಗಳು ಇಡ್ಕಂಡ್ಳು" ಎಂದರು. ನಗು.

ಅವ್ವನಿಗೆ ಹೇಳಿದೆ. ಎಳ್ಳುಬೆಲ್ಲ ಕಲಸುತ್ತಿದ್ದವಳು ಕೈ ನಿಲ್ಲಿಸಿ, "ಬಾಯಿಗೆ ಬೀಗ ಆಕ್ಕಳಕ್ಕಾಗ್ಲಿಲ್ವಾ" ಎಂದಳು.

೧೭ ಜನವರಿ, ಶುಕ್ರವಾರ

ಸರಗೂರಿನಲ್ಲಿ ಸಣ್ಣಬೀರಯ್ಯ ಎಂಬುವರು ಎತ್ತಿನ ಕೊರಳಪಟ್ಟಿ ಮಾಡುತ್ತಾರೆ ಎಂದು ಶಶಿ ಹೇಳಿದ್ದ. ಎಚ್.ಡಿ. ಕೋಟೆಯಲ್ಲಿ ಬಸ್ಸು ಬದಲಿಸಿ ಹೋದೆ. ಅಂಗಡಿಯ ತುಂಬ ಹಸಿರು, ಕೆಂಪು ನೈಲಾನ್ ಪಟ್ಟಿಗಳು ನೇತಾಡುತ್ತಿದ್ದವು.

"ತೊಗ್ಲು ಮುಟ್ಟಿ ನಾಕೈದು ವರ್ಸಾಯ್ತು ಕಣವ್ವ" ಎಂದರು. ಟೀ ತರಿಸಿದರು. ಯಾರ ಮಗಳು, ಯಾವೂರು ಎಂದು ಕೇಳಿದರು. ಹಾರನಹಳ್ಳಿ ಹೋಬಳಿ, ಜವರಯ್ಯನ ಮೊಮ್ಮಗಳು ಎಂದೆ.

"ತೊಟ್ಟಿ ಒಡ್ದ ಜವರಯ್ಯ?" ಅವರು ತೊಡೆ ತಟ್ಟಿಕೊಂಡು ನಕ್ಕರು. "ನಮ್ಮೂರ್ಗೂ ಬಂದು ಭಾಷ್ಣ ಬಿಗ್ದಿದ್ದ. ಬುಡ್ರೋ, ಬುಡ್ರೋ ಅಂತ. ಅವ್ನ ಮೊಮ್ಮಗ್ಳು ತೊಗ್ಲು ಕೇಳ್ಕಂಡು ಸರಗೂರ್ಗೆ ಬಂದವ್ಳೆ!"

ನಾನು ಲೋಟ ಕೆಳಗಿಟ್ಟೆ. ಹೊರಡುವಾಗ ಅವರು ನಗು ಬಿಟ್ಟು ಹೇಳಿದ್ದು: "ಇಂಗೆ ಊರೂರಲ್ಲಿ ಕೇಳ್ಕಂಡು ಅಡ್ಡಾಡಬ್ಯಾಡ. ಕಾಲ ಸರಿಗಿಲ್ಲ. ಚೀಲದಲ್ಲಿ ತೊಗ್ಲು ಕಂಡ್ರೆ ಎಲ್ಲಿಂದ, ಏನು, ಯಾವ್ದು ಅಂತ ನಿಲ್ಲಿಸ್ಕತಾರೆ."

ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಹುಣಸೂರಿನವರೆಗೂ ನಿಂತೇ ಬಂದೆ.

೨೧ ಜನವರಿ, ಮಂಗಳವಾರ

ತೆಳು ಲೆದರನ್ನೇ ಐದು ಪದರ ಅಂಟಿಸಿ ಒಣಗಿಸಿದೆ. ರಮ್ಯಾ ಕಟ್ಟಿಕೊಂಡು ಉಸಿರೆಳೆದು ಹೊಟ್ಟೆ ಬಿಗಿ ಮಾಡಿದಳು. ಪದರಗಳು ಚರ್‍ರೆಂದು ಬಿಟ್ಟುಕೊಂಡವು. "ಮೊಟ್ಟೆ ಕಮ್ಮಿ ತಿನ್ಬೇಕಿತ್ತಾ ಅಕ್ಕ?" ಎಂದಳು. ಇಬ್ಬರೂ ನಕ್ಕೆವು. ಅವಳು ಹೋದ ಮೇಲೆ ನನಗೆ ನಗು ಬರಲಿಲ್ಲ.

ಇದ್ದ ಲೆದರೂ ಮುಗಿಯಿತು.

೨೪ ಜನವರಿ, ಶುಕ್ರವಾರ

ಲಿಂಗರಾಜು ಒಂದು ದಾರಿ ಹೇಳಿದರು. ಕೆ.ಆರ್. ನಗರದ ಹಳೆಯ ಅಕ್ಕಿ ಗಿರಣಿಗಳಲ್ಲಿ ಇಂಜಿನ್ನಿನಿಂದ ಚಕ್ರಕ್ಕೆ ಹಾಕುತ್ತಿದ್ದ ಪಟ್ಟೆಗಳು ಹಿಂದೆ ಲೆದರಿನವೇ ಆಗಿದ್ದವಂತೆ. ರಮ್ಯಾಳನ್ನು ಕರೆದುಕೊಂಡು ಹೋದೆ. ಮೂರು ಗಿರಣಿಗಳಲ್ಲಿ ಇದ್ದದ್ದು ಕ್ಯಾನ್ವಾಸು, ರಬ್ಬರು. ನಾಲ್ಕನೆಯದರ ಮಾಲೀಕರು ನೀಲಕಂಠಸ್ವಾಮಿ. ಗೋದಾಮಿನ ಮೂಲೆಯಲ್ಲಿ ಗೋಣಿಚೀಲ ಸರಿಸಿ ತೋರಿಸಿದರು.

ಅದು ಅಲ್ಲಿತ್ತು. ಹಾವಿನ ಹಾಗೆ ಸುತ್ತಿಟ್ಟ, ಎಣ್ಣೆ ಕುಡಿದು ಕಪ್ಪಾದ ಪಟ್ಟೆ. ಎರಡು ಪದರ ಒತ್ತಿ ಅಂಚಿನಲ್ಲಿ ಹೊಲಿದದ್ದು. ಬೆರಳಿನಿಂದ ಅಳೆದೆ. ದಪ್ಪ ಸರಿಯಾಗಿ ಬೇಕಾದಷ್ಟೇ. ಉಗುರಿನಿಂದ ಗೀರಿದೆ. ಮಸಿಯ ಕೆಳಗೆ ಜೇನಿನ ಬಣ್ಣ.

"ನಮ್ಮಪ್ಪನ ಕಾಲದ್ದು" ಎಂದರು ನೀಲಕಂಠಸ್ವಾಮಿ. "ಮೈಸೂರಿನ ಓಟ್ಲಿನವ್ರು ಗೋಡೆಗೆ ನೇತಾಕಕ್ಕೆ ಕೇಳವ್ರೆ. ಈಗ ಅದೇ ಅಂತಲ್ಲ ಫ್ಯಾಶನ್ನು, ಗಾಡಿ ಚಕ್ರ, ಒರಳುಕಲ್ಲು. ನೋಡ್ತಾ ನೋಡ್ತಾ ಕಾಪಿ ಕುಡೀಬೇಕಂತೆ."

ಒಂದು ತುಂಡು ಕೊಡಿ ಎಂದೆ. ಇಡಿಯಾಗಿ ಕೊಟ್ಟರೆ ಮಾತ್ರ ಬೆಲೆ ಎಂದು ಓಟ್ಲಿನವರ ಬೆಲೆ ಹೇಳಿದರು. ಎರಡು ಸಲ ಕೇಳಿದೆ. ಎರಡು ಸಲವೂ ಅದನ್ನೇ ಹೇಳಿದರು.

ಇದ್ದ ಜಾಗ ಗೊತ್ತಾಯಿತಲ್ಲ. ಬಿಡುವುದಿಲ್ಲ.

೨೯ ಜನವರಿ, ಬುಧವಾರ

ಬೆಳಿಗ್ಗೆ ನಡೆದದ್ದನ್ನು ನಡೆದ ಹಾಗೆ ಬರೆಯಲು ನೋಡುತ್ತೇನೆ.

ತಾತ ಜಗುಲಿಯಲ್ಲಿ ಬಿಸಿಲಿಗೆ ಕೂತಿದ್ದರು. ನಾನು ಅಂಗಳ ಗುಡಿಸುತ್ತಿದ್ದೆ. ಸೋಮಶೇಖರ ಗೌಡರ ಬೈಕು ಬಂದು ನಿಂತಿತು. ಅವರು ಇಳಿಯಲಿಲ್ಲ. ಒಂದು ಕಾಲು ನೆಲಕ್ಕೂರಿ, "ಜವರಯ್ಯ, ನಮ್ಮ ಬಿಳೇ ಎತ್ತು ರಾತ್ರಿ ಹೋಗ್ಬುಡ್ತು ಕಣೋ. ಏನೋ ಮೇಯ್ದು ಹೊಟ್ಟೆ ಉಬ್ಬರ. ತೋಟದಲ್ಲೇ ಬಿದ್ದದೆ" ಎಂದರು. ಆ ಎತ್ತನ್ನು ಅವರು ಕರುವಿನಿಂದ ಸಾಕಿದ್ದರು ಎಂದು ಊರಿಗೆಲ್ಲ ಗೊತ್ತು. ತಾತ ತ್ಚು ತ್ಚು ಎಂದರು.

ಆಮೇಲೆ ಗೌಡರು ನನ್ನ ಕಡೆ ತಿರುಗಿದರು. "ನೀನು ತೊಗ್ಲು ತೊಗ್ಲು ಅಂತ ಊರೂರು ಸುತ್ತತಾ ಇದ್ದೀಯಲ್ಲವ್ವ. ಎಳ್ಕಂಡೋಗ್ರಿ. ದುಡ್ಡೇನೂ ಬ್ಯಾಡ. ಮೊದ್ಲೆಲ್ಲ ಇದ್ದದ್ದೇ ಅಲ್ವಾ."

ಅವರು ಉಪಕಾರ ಮಾಡುವವರ ದನಿಯಲ್ಲೇ ಹೇಳಿದರು. ಅದು ನನಗೆ ಚೆನ್ನಾಗಿ ನೆನಪಿದೆ. ಅಕ್ಕಪಕ್ಕದ ಬಾಗಿಲುಗಳಿಗೆ ಜನ ಬಂದು ನಿಂತರು. ಅವ್ವ ಒಳಗಿನಿಂದ ಓಡಿ ಬಂದು, "ಬುದ್ದೀ, ಅವ್ಳು ಉಡ್ಗಿ, ಏನೋ..." ಎಂದಳು. ಹಿಂದೆ ಮೇಲಿನ ಬೀದಿಯವರನ್ನು ಕರೆಯುತ್ತಿದ್ದ ಆ ‘ಬುದ್ದಿ’ ಎಂಬ ಮಾತು ನಮ್ಮ ಮನೆಯಲ್ಲಿ ಕೇಳಿದ್ದು ನನಗೆ ಅದೇ ಮೊದಲು. ತಾತ ಅವ್ವನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

ಇಲ್ಲಿ ಸುಳ್ಳು ಬರೆಯಬಾರದು. ಆ ಕ್ಷಣ ನಾನು ಲೆಕ್ಕ ಹಾಕಿದೆ. ದೊಡ್ಡ ಎತ್ತು. ಬೆನ್ನಿನ ಉದ್ದಕ್ಕೂ ತೊಗಲು ಎಷ್ಟು ದಪ್ಪ ಇರಬಹುದು, ಎಷ್ಟು ಬೆಲ್ಟು ಬರಬಹುದು ಎಂದು. ಪೊರಕೆ ಕೈಯಲ್ಲೇ ಇತ್ತು.

"ಜೆಸಿಬಿಗೆ ಹೇಳಿ ಗೌಡ್ರೇ, ಗುಂಡಿ ತೆಗೀತಾರೆ" ಎಂದೆ.

"ಪುಕ್ಸಟ್ಟೆ ಕೊಟ್ರೂ ಬ್ಯಾಡ್ವಾ?"

"ನಾನು ಹುಡುಕ್ತಿರೋದು ಕೊಂಡ್ಕೊಳ್ಳಕ್ಕೆ."

ಅವರಿಗೆ ಅರ್ಥವಾಗಲಿಲ್ಲ ಎಂದು ಕಾಣುತ್ತದೆ. ಬೈಕು ತಿರುಗಿಸಿಕೊಂಡು ಹೋದರು.

ಕೇರಿಯವರು ಒಳಗೆ ಹೋದ ಮೇಲೆ ತಾತ ಬ್ಯಾರನ್ನಿನ ಬಾಗಿಲು ತೆಗೆದು ನೋಡಿದರು. ಅಂಟು ಬಿಟ್ಟ ಪದರಗಳನ್ನು ಕಾಲಿನಿಂದ ಸರಿಸಿದರು. "ರೆಕ್ಸಿನ್ ಅಂದಿದ್ದೆ" ಎಂದರು. "ನಲ್ವತ್ತು ವರ್ಸ ಅವ್ರು ಈ ಕೆಲ್ಸ ಏಳ್ಕಂಡು ಈ ಬಾಗ್ಲಿಗೆ ಬಂದಿರ್ನಿಲ್ಲ. ಇವತ್ತು ಬಂದ್ರು. ಯಾರಿಂದ?"

ನನ್ನಿಂದ. ಅದು ನಿಜ.

೩೧ ಜನವರಿ, ಶುಕ್ರವಾರ

ತಾತ ಮಾತಾಡಿಲ್ಲ. ನಾನು ಇಟ್ಟ ಕಾಫಿ ತಣ್ಣಗಾಗುತ್ತದೆ, ಅವ್ವ ಇಟ್ಟದ್ದನ್ನು ಕುಡಿಯುತ್ತಾರೆ.

೧ ಫೆಬ್ರವರಿ, ಶನಿವಾರ

"ಬ್ಯಾಡ ಬುಡಕ್ಕ, ಮುಂದಿನ ವರ್ಷ ನೋಡನ. ಮನೇಲಿ ಇಷ್ಟೆಲ್ಲ ರಾಮಾಯಣ ನನ್ನ ಸೊಂಟಕ್ಕೋಸ್ಕರ ಬ್ಯಾಡ" ಎಂದಳು ರಮ್ಯಾ.

ನಾನು ನೀಲಕಂಠಸ್ವಾಮಿಯವರಿಗೆ ಫೋನು ಮಾಡಿದೆ. ಓಟ್ಲಿನವರು ಇನ್ನೂ ಬಂದಿಲ್ಲವಂತೆ. ಸೋಮವಾರ ಬರುತ್ತೇನೆ ಎಂದೆ. "ಬೆಲೆ ಅದೇ ಕಣಮ್ಮ" ಎಂದರು. ಬರುತ್ತೇನೆ ಎಂದು ಇನ್ನೊಂದು ಸಲ ಹೇಳಿದೆ. ಜಗುಲಿಯಲ್ಲಿ ನಿಂತೇ ಮಾತಾಡಿದೆ. ಇನ್ನು ಬಚ್ಚಿಡಲು ಏನಿದೆ?

ರಮ್ಯಾಳಿಗೆ ಹೇಳಿದೆ: ತೊಗಲು ಸಿಗದಿದ್ದರೆ ಬಿಡೋಣ. ತಾತ ಬೈದರು ಎಂದು ಬಿಡುವುದು ಬೇಡ.

೩ ಫೆಬ್ರವರಿ, ಸೋಮವಾರ

ಬಸ್ ಸ್ಟಾಪಿನಲ್ಲಿ ತಾತ ನನಗಿಂತ ಮೊದಲೇ ಬಂದು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೆ ಹೊಸ ಟವಲ್ಲು, ಕಂಕುಳಲ್ಲಿ ಛತ್ರಿ.

"ಎಲ್ಲಿಗೆ ತಾತ?"

"ಕೆ.ಆರ್. ನಗರಕ್ಕೆ. ಬಸ್ಸೇನು ನಿಂದೊಬ್ಳದೇನವ್ವ?"

ಪಕ್ಕದಲ್ಲೇ ಕೂತರು. ಟಿಕೆಟ್ಟಿಗೆ ನಾನು ಕೈ ಹಾಕಿದರೆ ಕೈ ತಳ್ಳಿದರು. ಬಹಳ ದೂರ ಹೋದ ಮೇಲೆ, ಕಿಟಕಿಯ ಕಡೆ ನೋಡುತ್ತಾ, "ನನ್ನಂಗೆ ಮೆಟ್ಟು ಒಲಿಯೋನು ಈ ಓಬಳೀಲಿ ಇರ್ನಿಲ್ಲ. ಆ ತೊಟ್ಟಿ ಒಡ್ಯಾಗ ನನ್ನ ಒಟ್ಟೆ ಉರ್ದಿದ್ದು ಯಾರ್ಗೂ ಗೊತ್ತಿಲ್ಲ" ಎಂದರು. ನಾನು ಕಡಲೆಕಾಯಿ ಕೊಟ್ಟೆ. ತೆಗೆದುಕೊಂಡರು.

ಗಿರಣಿಯಲ್ಲಿ ನೀಲಕಂಠಸ್ವಾಮಿ ಎದುರಿನ ಕುರ್ಚಿಯನ್ನು ತಾತ ಎಳೆದು ಕೂತರು. ನನಗೂ ಕೂರಲು ಹೇಳಿದರು. ಪಟ್ಟೆ ತರಿಸಿ, ಬೆಳಕಿಗೆ ಹಿಡಿದು ನೋಡಿ, ಮೂಸಿ, ಕೆಳಗಿಟ್ಟು, "ಗುಜ್ರಿ" ಎಂದರು.

"ಗುಜ್ರಿ ಎಂಗಾಯ್ತದೆ ತಾತ? ಓಟ್ಲಿನವ್ರು..."

"ಓಟ್ಲಿನವ್ರು ಬಂದಿದ್ರಾ?"

"ಬತ್ತೀನಿ ಅಂದವ್ರೆ."

"ಯಾವಾಗ ಅಂದಿದ್ರು?"

"ದಸರಾದಲ್ಲಿ."

ತಾತ ಟವಲ್ಲಿನಿಂದ ಮುಖ ಒರೆಸಿಕೊಂಡರು. "ಇದು ಓಟ್ಲು ಮಾಲಾದ್ರೆ ಓಟ್ಲು ಬೆಲೆ ಏಳಿ, ಬಿಲ್ ಕೊಡಿ. ಗುಜ್ರಿ ಆದ್ರೆ ತೂಕಕ್ಕೆ ಆಕಿ, ಅದ್ಕೂ ಬಿಲ್ ಕೊಡಿ. ನಾವು ಅಂಗಡಿಗೆ ಬಂದಿರೋರು ಸ್ವಾಮಿ."

"ಗುಜ್ರಿ ಮಾಲಿಗೆ ಯಾರು ತಾತ ಬಿಲ್ ಕೊಡ್ತಾರೆ!"

"ಅಂಗಾದ್ರೆ ಗುಜ್ರಿ ಅಂತ ನೀವೇ ಒಪ್ಕಂಡ್ರಿ."

ಗಿರಣಿಯ ಆಳುಗಳು ನಕ್ಕರು. ನೀಲಕಂಠಸ್ವಾಮಿ ತಾವೂ ನಕ್ಕು, ಪಟ್ಟೆಯನ್ನು ಅಕ್ಕಿಮೂಟೆಯ ತಕ್ಕಡಿಗೆ ಹಾಕಿಸಿದರು. ಇಡೀ ಪಟ್ಟೆ ಗುಜರಿ ಬೆಲೆಗೆ ನಮ್ಮದಾಯಿತು. ನಾನು ಕೂಡಿಟ್ಟದ್ದರಲ್ಲೇ ಆಯಿತು. ಬಿಲ್ಲನ್ನು ಯಾರ ಹೆಸರಿಗೆ ಬರೆಯಲಿ ಎಂದಾಗ ತಾತ, "ಕಾವ್ಯಶ್ರೀ" ಎಂದು ದೊಡ್ಡದಾಗಿ ಹೇಳಿದರು. ಕಿವಿ ಮಂದವಾಗಿರುವುದು ತಾತನಿಗೇ ಹೊರತು ನೀಲಕಂಠಸ್ವಾಮಿಯವರಿಗಲ್ಲ.

ಪಟ್ಟೆಯನ್ನು ಗೋಣಿಚೀಲಕ್ಕೆ ಹಾಕಹೋದೆ. ಬೇಡ ಎಂದರು. ಬಸ್ಸಿನಲ್ಲಿ ಮೂರು ಜನ ಇದೇನು ಎಂದು ಕೇಳಿದರು. ಮೂರು ಸಲವೂ ತಾತ ಬಿಲ್ಲು ತೆಗೆದು ತೋರಿಸಿದರು.

೬ ಫೆಬ್ರವರಿ, ಗುರುವಾರ

ತೊಗಲು ಎಣ್ಣೆ ಬಿಡುತ್ತಿಲ್ಲ. ಮಸಿ ಕೆರೆದು, ಸೀಮೆಸುಣ್ಣದ ಪುಡಿ ಹಚ್ಚಿ, ಹಳೆಯ ಪಂಚೆಯಲ್ಲಿ ಸುತ್ತಿ ಬಿಸಿಲಿಗಿಟ್ಟೆ. ಪುಡಿ ಕಪ್ಪಾಯಿತು. ಬದಲಿಸಿದೆ. ಮತ್ತೆ ಕಪ್ಪಾಯಿತು. ಐದನೆಯ ಸಲಕ್ಕೆ ಬೂದಿ ಬಣ್ಣಕ್ಕೆ ಬಂತು. ಅಗಲ ಕತ್ತರಿಸಲು ಚಾಕು ಸಾಲದೆ ಗರಗಸ ಹಿಡಿದೆ. ತುದಿಗಳಲ್ಲಿ ಪದರ ಬಿಟ್ಟ ಕಡೆ ದಬ್ಬಳದಲ್ಲಿ ತೂತು ಮಾಡಿ ಮೇಣದ ದಾರದಿಂದ ಮತ್ತೆ ಹೊಲಿದೆ. ಲಿಂಗರಾಜು ಜಿಮ್ಮಿನ ಹಳೆಯ ಬೆಲ್ಟಿನ ಬಕಲು ಬಿಚ್ಚಿ ಕಳಿಸಿದ್ದಾರೆ. ಬಲಗೈಯ ಹೆಬ್ಬೆರಳು ಮಡಚಲಾಗುತ್ತಿಲ್ಲ.

ಬ್ಯಾರನ್ನಿನಲ್ಲಿ ಬೆಳಕು ಸಾಲದು. ಮೇಜನ್ನು ಜಗುಲಿಗೆ ತಂದುಕೊಂಡೆ. ತಾತ ಎದುರಿಗೇ ಕೂತಿರುತ್ತಾರೆ. ಸಹಾಯವೇನೂ ಇಲ್ಲ. ಅಂಟು ನಾರುತ್ತದೆ ಎಂದು ಗೊಣಗುತ್ತಾರೆ. "ನಮ್ ಕಾಲ್ದಲ್ಲಿ ಈ ದರಿದ್ರ ವಾಸ್ನೆ ಇರ್ನಿಲ್ಲ." ತೊಗಲು ಹದ ಮಾಡುವ ವಾಸನೆಗೆ ಊರೇ ಮೂಗು ಮುಚ್ಚುತ್ತಿತ್ತಂತೆ ಎಂದು ಅವ್ವ ಒಳಗಿನಿಂದ ಕೂಗಿದಳು. ತಾತ ಕೇಳಿಸದವರ ಹಾಗೆ ಕೂತರು.

೯ ಫೆಬ್ರವರಿ, ಭಾನುವಾರ

ಮೈಸೂರು. ಮೊದಲು ಸಲಕರಣೆಗಳ ತಪಾಸಣೆ. ಒಬ್ಬರು ರಮ್ಯಾಳ ಬೆಲ್ಟಿನ ಅಗಲ ಅಳೆದರು, ದಪ್ಪ ಅಳೆದರು, ಹೊಲಿಗೆಯ ಮೇಲೆ ಬೆರಳಾಡಿಸಿದರು, ಬಗ್ಗಿಸಲು ನೋಡಿದರು. ಬಗ್ಗಲಿಲ್ಲ. ಯಾವ ಕಂಪನಿ ಎಂದರು. ಕಂಪನಿ ಇಲ್ಲ, ಪಿರಿಯಾಪಟ್ಟಣ ತಾಲ್ಲೂಕು ಎಂದಳು ರಮ್ಯಾ. ಅವರು ಅದನ್ನೇ ಬರೆದುಕೊಂಡು ಸೀಲು ಹಾಕಿದರು.

ಕೊನೆಯ ಎತ್ತುವಿಕೆಗೆ ಅವಳು ಬೆಲ್ಟನ್ನು ಇನ್ನೊಂದು ತೂತಿಗೆ ಬಿಗಿದಳು. ಎಲ್ಲರೂ ಕಬ್ಬಿಣವನ್ನು ನೋಡುತ್ತಿದ್ದರು. ನಾನು ಬಕಲಿನ ಪಕ್ಕದ ಹೊಲಿಗೆ ನೋಡುತ್ತಿದ್ದೆ. ಕದಲಲಿಲ್ಲ. ಚಪ್ಪಾಳೆ ಕೇಳಿದ ಮೇಲೆ ತಲೆ ಎತ್ತಿದೆ. ಅವಳು ಭಾರ ಹಿಡಿದು ನೆಟ್ಟಗೆ ನಿಂತಿದ್ದಳು.

ಎರಡನೆಯ ಸ್ಥಾನ. ರಾಜ್ಯಮಟ್ಟಕ್ಕೆ ಹೋಗುತ್ತಾಳೆ. ಸೊಂಟ ನೋವಿಲ್ಲ. ಬಸ್ಸಿನಲ್ಲೂ ಬೆಲ್ಟು ಬಿಚ್ಚಲಿಲ್ಲ, ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಅದರ ಅಂಚು ಪಕ್ಕೆಗೆ ಚುಚ್ಚುತ್ತಿತ್ತು. ಅಂಚನ್ನು ಇನ್ನೂ ಉಜ್ಜಬೇಕು.

೧೬ ಫೆಬ್ರವರಿ, ಭಾನುವಾರ

ಲಿಂಗರಾಜು ಮೂರು ಬೆಲ್ಟಿಗೆ ಹೇಳಿದ್ದಾರೆ. ಪಟ್ಟೆಯಲ್ಲಿ ಇನ್ನೂ ಸಾಕಷ್ಟು ತೊಗಲಿದೆ. ಅಂಚು ದುಂಡಗೆ ಮಾಡುವುದನ್ನು ಈ ಸಲ ಕಲಿತೆ. ಸ್ವಲ್ಪ ಒದ್ದೆ ಮಾಡಿ ಮರದ ಹಿಡಿಯಿಂದ ಉಜ್ಜಿದರೆ ಹೊಳಪು ಬರುತ್ತದೆ.

ಮಧ್ಯಾಹ್ನ ಅಂಟು ಹಚ್ಚುತ್ತಿದ್ದಾಗ ಮೇಲಿನ ಬೀದಿಯಿಂದ ಆಳು ಬಂದು, "ಕಾವ್ಯಾ, ಗೌಡ್ರು ಕರೀತಾವ್ರೆ. ಬೆಲ್ಟ್ ವಿಸ್ಯ" ಎಂದ. ನಾನು ಏಳುವ ಮೊದಲೇ ತಾತ, "ಬೇಕಾದೋರು ಅಂಗ್ಡಿಗೆ ಬರ್ಲಿ" ಎಂದರು. ಅಂಗಡಿ ಎಂದರೆ ಒಂದು ಮೇಜು, ಒಂದು ಸ್ಟೂಲು. ಮೆಲ್ಲಗೆ ಮಾತಾಡಿ ಎಂದರೆ ಇನ್ನೂ ಜೋರಾಗಿ ಹೇಳಿದರು. ನನಗೂ ಅಂಟು ಹಚ್ಚಿದ ತೊಗಲನ್ನು ಅರ್ಧಕ್ಕೆ ಬಿಟ್ಟು ಹೋಗುವ ಹಾಗಿರಲಿಲ್ಲ.

ಸೋಮಶೇಖರ್ ಅವರೇ ಬಂದರು. ಅವರ ಮಗ ಶಿವಶಂಕರ್ ಅದೇ ಜಿಮ್ಮಿಗೆ ಹೋಗುತ್ತಾನೆ, ರಮ್ಯಾಳಂಥದ್ದೇ ಬೇಕೆಂದು ಹಠ ಹಿಡಿದಿದ್ದಾನಂತೆ. ಬೆಲೆ ಹೇಳಿದೆ. ಮುಂಗಡ ಕೊಟ್ಟರು. ಸೊಂಟದ ಅಳತೆ ಕೇಳಿದೆ.

"ಅಳ್ತೆ ಗೊತ್ತಿಲ್ವಲ್ಲವ್ವ. ಮನೆ ಹತ್ರ ಬಂದು ನೀನೇ ತಗೊ."

ನನ್ನ ಎರಡೂ ಕೈಯಲ್ಲಿ ಅಂಟಿತ್ತು. "ಟೇಪು ಅಲ್ಲಿದೆ ನೋಡಿ ಅಣ್ಣ, ತಗೊಂಡು ಹೋಗಿ. ಉಸಿರು ಬಿಟ್ಟಾಗ ಎಷ್ಟು, ಹೊಟ್ಟೆ ಬಿಗಿ ಹಿಡಿದಾಗ ಎಷ್ಟು, ಎರಡೂ ಬೇಕು" ಎಂದೆ.

ಅವರು ತಾತನನ್ನು ನೋಡಿದರು. ತಾತ ಬೀದಿಯ ಕಡೆ ನೋಡುತ್ತಿದ್ದರು. ಟೇಪು ತೆಗೆದುಕೊಂಡು ಹೋದರು.

ಅಂಟು ಒಣಗುವಷ್ಟರಲ್ಲಿ ಅಳತೆ ತಂದುಕೊಟ್ಟರು. ಎರಡಕ್ಕೂ ಒಂದೇ ಅಂಕಿ ಇತ್ತು, ಎಂದರೆ ಒಂದು ತಪ್ಪು. ಇನ್ನೊಂದು ಸಲ ಕಳಿಸಿದೆ.